ಎಡೆಗೆ ಮುಂಚೆ

ನಮ್ಮೂರಿನ ಪತ್ರಿಕೆಯೊಂದಕ್ಕೆ ಪ್ರತಿ ಭಾನುವಾರ ಹೋಟೆಲುಗಳ ಬಗ್ಗೆ ಬರೆಯುತ್ತೇನೆ. ದೊಡ್ಡ ಹೋಟೆಲುಗಳಲ್ಲ. ಶಿವಮೊಗ್ಗದ ಬಸ್ ಸ್ಟ್ಯಾಂಡಿನ ಆಸುಪಾಸು, ಗೋಪಾಳದ ಕಡೆ, ನಮ್ಮ ವಿನೋಬನಗರದ ಅಡ್ಡರಸ್ತೆಗಳಲ್ಲಿ ನಾಲ್ಕಾರು ಟೇಬಲ್ ಹಾಕಿಕೊಂಡು ನಡೆಸುವ ಜಾಗಗಳು. ಕೆಲಸದಿಂದ ನಿವೃತ್ತಳಾದ ಮೇಲೆ ಮನೆಯಲ್ಲಿ ಕೈಕಟ್ಟಿ ಕೂರಲಾರದೆ ಹಿಡಿಸಿಕೊಂಡ ಹುಚ್ಚು ಇದು. ಸಂಪಾದಕರು ಹೇಳಿದ್ದು ಇಷ್ಟೇ: ಊಟ ಹೇಗಿದೆ, ಬಡಿಸುವವರು ಹೇಗೆ, ಕೂರುವ ಜಾಗ ಹೇಗಿದೆ, ಮೂರೂ ನೋಡಿ ಬರೀರಿ, ಯಾರ ಮುಲಾಜೂ ಬೇಡ. ಮುಲಾಜು ನನ್ನ ಜಾತಕದಲ್ಲೇ ಇಲ್ಲ, ಅದಕ್ಕೇ ಒಪ್ಪಿಕೊಂಡೆ.

ಹೆಂಗಸೊಬ್ಬಳೇ ಹೋಗಿ ಕೂತರೆ ಸಪ್ಲೈಯರ್‌ಗಳಿಗೆ ಏನೋ ಕಸಿವಿಸಿ. "ಫ್ಯಾಮಿಲಿ ರೂಮ್ ಆ ಕಡೆ ಇದೆ ಮೇಡಂ" ಅನ್ನುತ್ತಾರೆ. "ನನ್ನ ಫ್ಯಾಮಿಲಿ ನಾನೇ ಕಣಪ್ಪ, ಇಲ್ಲೇ ಕೂರ್ತೀನಿ" ಅನ್ನುತ್ತೇನೆ. ನಾಲ್ಕು ಲೋಟದೊಳಗೆ ನಾಲ್ಕು ಬೆರಳು ಅದ್ದಿ ನೀರು ತಂದಿಡುವವನ ಬಗ್ಗೆ ಬರೆದಿದ್ದೇನೆ. 'ತಟ್ಟೆಯಲ್ಲಿ ಕೈ ತೊಳೆಯಬಾರದು' ಎಂದು ಗೋಡೆಯ ಮೇಲೆ ಬರೆಸಿ, ಕೈ ತೊಳೆಯುವ ಜಾಗದಲ್ಲಿ ನೀರೇ ಬಿಡದ ಯಜಮಾನನ ಬಗ್ಗೆಯೂ ಬರೆದಿದ್ದೇನೆ. ವಿಮಾನ ನಿಲ್ದಾಣ ಬಂದ ಮೇಲೆ ಸೋಗಾನೆ ಕಡೆ ಹೋಗುವ ದಾರಿಯಲ್ಲಿ ಒಬ್ಬ ಮಹಾನುಭಾವ ಬೋರ್ಡಿನ ಮೇಲೆ ವಿಮಾನದ ಚಿತ್ರ ಬರೆಸಿ ಒಣಗಿದ ಚಪಾತಿ ಕೊಡುತ್ತಿದ್ದ. ನಾನು ಬರೆದದ್ದನ್ನು ಓದಿ ಅವನು ಎರಡು ವಾರ ಫೋನ್ ಮಾಡಿ ಬೈದ. ಬೈಯಲಿ ಬಿಡಿ, ಆಮೇಲೆ ಚಪಾತಿ ಮೆತ್ತಗಾಯಿತಂತೆ.

ನಾನು ಬರೆಯದ ಹೋಟೆಲು ಒಂದೇ, ಭದ್ರಾವತಿಯಲ್ಲಿರುವ ನನ್ನ ಅಕ್ಕನದು. ನೆಂಟರ ಹೋಟೆಲು ಬೇಡ ಎನ್ನುವುದು ಪತ್ರಿಕೆಯ ನಿಯಮ. ಅಕ್ಕನಿಗೂ ಅದರ ಬಯಕೆ ಇರಲಿಲ್ಲ. "ನೀನು ಬರೆದರೆ ಶಿವಮೊಗ್ಗದೋರೆಲ್ಲ ಬಂದು ಕೂರ್ತಾರೆ, ಆಮೇಲೆ ನಮ್ಮ ಮಾಮೂಲಿನೋರಿಗೆ ಜಾಗ ಎಲ್ಲಿ ಮಾರಾಯ್ತಿ" ಅನ್ನುತ್ತಿದ್ದಳು.

ಅಕ್ಕ, ಭಾವ ಮನೆಯ ಮುಂಭಾಗವನ್ನೇ ಹೋಟೆಲು ಮಾಡಿಕೊಂಡಿದ್ದರು. ಮುಂದೆ ಹಾಲ್, ಉದ್ದ ಬೆಂಚು, ಗಲ್ಲಾಪೆಟ್ಟಿಗೆಯ ಹಿಂದೆ ಭಾವ. ಅದರ ಹಿಂದೆ ಅಡುಗೆಮನೆ, ಇನ್ನೂ ಹಿಂದೆ ದೇವರಮನೆ. ಮಧ್ಯಾಹ್ನದ ಊಟ ಮಾತ್ರ: ಅನ್ನ, ಸಾಂಬಾರು, ಒಂದು ಪಲ್ಯ, ಮಜ್ಜಿಗೆ. ಬರುವವರು ಹೆಚ್ಚಾಗಿ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ಈಗ ಮನೆಯಲ್ಲಿ ಕೂತವರು, ತಮಿಳರು, ತೆಲುಗರು, ನಮ್ಮವರು. ಕಾರ್ಖಾನೆಯ ಸದ್ದು ಕಡಿಮೆಯಾದ ಹಾಗೆ ಜನವೂ ಕಡಿಮೆಯಾದರು, ಆದರೆ ಉಳಿದವರು ಬಿಡದೆ ಬರುತ್ತಿದ್ದರು. ಅವರು ಬರುತ್ತಿದ್ದದ್ದು ಅಕ್ಕನ ಕೈರುಚಿಗೆ.

ಆ ಕೈಗೆ ಒಂದು ಕಟ್ಟುನಿಟ್ಟು ಇತ್ತು. ಅಕ್ಕ ಅಡುಗೆಯ ರುಚಿ ನೋಡುತ್ತಿರಲಿಲ್ಲ. ಎಡೆ ಆಗುವ ತನಕ, ಅಂದರೆ ಮಾಡಿದ್ದೆಲ್ಲದರಿಂದ ಸ್ವಲ್ಪ ಸ್ವಲ್ಪ ತೆಗೆದು ದೇವರ ಮುಂದೆ ಇಡುವ ತನಕ, ಒಂದು ಹನಿಯೂ ನಾಲಿಗೆಗೆ ಮುಟ್ಟಬಾರದು. ಮುಟ್ಟಿದರೆ ಎಂಜಲು. ನಮ್ಮ ಅವ್ವನದೂ ಅದೇ ಪಾಠ. ಚಿಕ್ಕವಳಿದ್ದಾಗ ನಾನು ಪಾಯಸಕ್ಕೆ ಬೆರಳು ಅದ್ದಿ ಚೀಪಿದ್ದಕ್ಕೆ ಅಕ್ಕ ಪಾಯಸವನ್ನೆಲ್ಲ ಬೀದಿ ಮಕ್ಕಳಿಗೆ ಹಂಚಿ, ಮತ್ತೊಮ್ಮೆ ಒಲೆ ಹೊತ್ತಿಸಿದ್ದಳು. ಉಪ್ಪು ಎಷ್ಟೆಂದು ಅವಳ ಕೈಗೇ ಗೊತ್ತಿರುತ್ತಿತ್ತು. ಹಿಡಿಯಲ್ಲಿ ತೆಗೆದು, ಪಾತ್ರೆಯ ಮೇಲೆ ಒಂದು ಸುತ್ತು ತಿರುಗಿಸಿ ಬಿಟ್ಟರೆ ಮುಗಿಯಿತು. ಊರೆಲ್ಲ ಚಪ್ಪರಿಸಿ ತಪ್ಪು ಹುಡುಕುವ ನನಗೆ ಆ ಕೈ ನೋಡಿದರೆ ಹೊಟ್ಟೆಕಿಚ್ಚಾಗುತ್ತಿತ್ತು.

ದೀಪಾವಳಿ ಕಳೆದ ಮೇಲೆ ಒಂದು ದಿನ ಭಾವ ವಿನೋಬನಗರದ ನಮ್ಮ ಮನೆಗೆ ಬಂದರು. ಹೇಳದೆ ಕೇಳದೆ ಬರುವವರಲ್ಲ. ಕಾಫಿ ಕೊಟ್ಟರೆ ಮುಟ್ಟಲಿಲ್ಲ.

"ನಿಮ್ಮಕ್ಕ ಉಪ್ಪು ಮರೀತಿದಾಳೆ" ಅಂದರು.

"ವಯಸ್ಸಾಯ್ತಲ್ಲ ಭಾವ, ಒಂದೊಂದು ಸಲ ಆಗುತ್ತೆ" ಅಂದೆ.

"ಮರೆತರೆ ಪರವಾಗಿಲ್ಲ ಮಾರಾಯ್ತಿ. ಹಾಕಿದ್ದು ಮರೆತು ಮತ್ತೆ ಹಾಕ್ತಾಳೆ. ಮೂರು ಸಲ ಹಾಕಿದ್ದೂ ಉಂಟು. ಡಾಕ್ಟರಿಗೆ ತೋರಿಸಿದೆ. ನೆನಪಿನ ಕಾಯಿಲೆ ಅಂದ್ರು. ರೂಢಿಯ ಕೆಲಸ ಬಿಡಿಸಬೇಡಿ, ಬಿಡಿಸಿದರೆ ಬೇಗ ಕುಸೀತಾರೆ ಅಂತ ಹೇಳಿದಾರೆ."

ಅಡುಗೆಯವರನ್ನು ಇಟ್ಟುಕೊಂಡರೆ ಅಕ್ಕ ಒಲೆಯ ಮುಂದಿಂದ ಏಳಬೇಕು. ಎದ್ದರೆ ಉಳಿದ ನೆನಪೂ ಹೋಗುತ್ತದೆ. ಹೀಗೇ ಬಿಟ್ಟರೆ ಊಟಕ್ಕೆ ಬರುವವರು ಇಲ್ಲದಾಗಿ ಹೋಟೆಲೇ ಮುಚ್ಚುತ್ತದೆ, ಆಗಲೂ ಅವಳು ಏಳಲೇಬೇಕು. "ಒಂದು ಸಲ ರುಚಿ ನೋಡೇ ಅಂದೆ. ಎಂಜಲು ಬಡಿಸು ಅಂತೀರಾ ಅಂತ ದಿನವಿಡೀ ಮಾತು ಬಿಟ್ಟಳು" ಅಂದರು ಭಾವ. ಅವರ ನಾಲಿಗೆ ಹೊಗೆಸೊಪ್ಪು ಹಾಕಿ ಹಾಕಿ ಯಾವಾಗಲೋ ಸತ್ತಿತ್ತು. ಅದಕ್ಕೇ ನನ್ನ ಹತ್ತಿರ ಬಂದಿದ್ದರು. ಊರ ಹೋಟೆಲ್ಲೆಲ್ಲ ನೆಕ್ಕಿ ನೋಡೋಳು ನೀನು, ಇದೊಂದು ನೋಡು ಎನ್ನುವಾಗ ಅವರ ಕಣ್ಣು ತುಂಬಿತ್ತು. ಅವರು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮಾರನೆಯ ದಿನದಿಂದ ಬೆಳಗಿನ ಬಸ್ಸು ಹಿಡಿದು ಭದ್ರಾವತಿಗೆ ಹೋಗತೊಡಗಿದೆ. ಅಡುಗೆ ಕಲಿಯಲು ಬಂದಿದ್ದೇನೆ ಎಂದು ಅಕ್ಕನಿಗೆ ಹೇಳಿದೆ. ಅವಳು ನಕ್ಕಳು. "ಮುದುಕಿಯಾದ ಮೇಲೆ ಬುದ್ಧಿ ಬಂತಾ? ಬಾ, ಮೊದಲು ಈರುಳ್ಳಿ ಹೆಚ್ಚು." ಅಷ್ಟು ಸಂತೋಷವಾಗಿ ಅವಳು ನನ್ನನ್ನು ಯಾವತ್ತೂ ಒಳಗೆ ಕರೆದಿರಲಿಲ್ಲ.

ಅಡುಗೆ ಮುಗಿಸಿ ಅವಳು ದೇವರಮನೆಗೆ ಹೋಗಿ ಪೂಜೆಗೆ ಕೂರುತ್ತಿದ್ದಳು. ಪೂಜೆ ಮುಗಿದ ಮೇಲೆ ಬಂದು ಎಡೆಗೆ ಬೇಕಾದ್ದನ್ನು ತೆಗೆದುಕೊಂಡು ಹೋಗುವಳು. ಆ ಹೊತ್ತಿನಲ್ಲೇ ನನ್ನ ಕಳ್ಳತನ ನಡೆಯಬೇಕು. ಸೌಟಿನಿಂದ ಅಂಗೈಗೆ ಒಂದಿಷ್ಟು ಸಾಂಬಾರು ಸುರಿದುಕೊಂಡು ನಾಲಿಗೆಗೆ ಹಚ್ಚುತ್ತಿದ್ದೆ. ಉಪ್ಪಿಲ್ಲದಿದ್ದರೆ ಹಾಕುವುದು ಸುಲಭ. ಹೆಚ್ಚಾಗಿದ್ದರೆ, ಬೇಯಿಸಿದ ಬೇಳೆಯನ್ನು ಮೊದಲೇ ಒಂದು ಡಬ್ಬಿಯಲ್ಲಿ ಎತ್ತಿಟ್ಟಿರುತ್ತಿದ್ದೆ, ಅದನ್ನು ಸುರಿದು ನಿಂಬೆಹಣ್ಣು ಹಿಂಡಿ ಹೇಗೋ ಹದಕ್ಕೆ ತರುತ್ತಿದ್ದೆ. ಅವಳ ದೇವರಿಗೆ ದಿನವೂ ನನ್ನ ಎಂಜಲೇ ಎಡೆಯಾಗುತ್ತಿತ್ತು. ಕೈ ತೊಳೆದುಕೊಂಡು, ಏನೂ ಆಗದವಳಂತೆ ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದೆ.

ಊಟಕ್ಕೆ ಬರುವವರಿಗೆ ಇದು ಗೊತ್ತಿಲ್ಲವೆಂದುಕೊಂಡಿದ್ದೆ. ಮೂಲೆಯ ಬೆಂಚಿನಲ್ಲಿ ಕೂರುವ ತಮಿಳು ಹಿರಿಯರೊಬ್ಬರು, ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದವರು, ಒಂದು ದಿನ ಕೈ ತೊಳೆಯುವಾಗ ಮೆಲ್ಲಗೆ ಹೇಳಿದರು. "ನೀವು ಬಂದ ಮೇಲೆ ಚೆನ್ನಾಗಿದೆ ಮೇಡಂ. ಮುಂಚೆ ನಾವು ಉಪ್ಪಿನಕಾಯಿ ಹಾಕ್ಕೊಂಡು ಅಡ್ಜಸ್ಟ್ ಮಾಡ್ತಿದ್ವಿ. ಅಮ್ಮಂಗೆ ಹೇಳೋಕೆ ಯಾರಿಗೂ ಮನಸ್ಸು ಬರಲಿಲ್ಲ." ಜನ ಹೀಗೂ ಇರುತ್ತಾರೆ ಎಂದು ಅವತ್ತು ತಿಳಿಯಿತು. ನಾನಾಗಿದ್ದರೆ ಭಾನುವಾರವೇ ಅಚ್ಚು ಹಾಕಿಸಿ ಬಿಡುತ್ತಿದ್ದೆ.

ಬರವಣಿಗೆ ಮಾತ್ರ ಬಿಡಲಿಲ್ಲ. ಸಂಜೆ ಬಂದು ಗೋಪಾಳದಲ್ಲೋ ಬಸ್ ಸ್ಟ್ಯಾಂಡಿನ ಹತ್ತಿರವೋ ಎಲ್ಲಾದರೂ ಕೂರುತ್ತಿದ್ದೆ. ಆದರೆ ನನಗೆ ಏನೋ ಆಗಿತ್ತು. ಉಪ್ಪು ಸರಿಯಾಗಿರುವ ಸಾರು ತಿಂದರೆ ಸಿಟ್ಟು ಬರುತ್ತಿತ್ತು. ಬಾಯಲ್ಲಿ ಗುಟ್ಕಾ ಇಟ್ಟುಕೊಂಡು, ಮೊಬೈಲ್ ನೋಡುತ್ತಾ ಅಡುಗೆ ಮಾಡುವವನಿಗೆ ಕೈ ಅಳತೆ ಇದೆ, ನನ್ನ ಅಕ್ಕನಿಗೆ ಇಲ್ಲ. ಇದು ಎಲ್ಲಿಯ ನ್ಯಾಯ ಎಂದು ಯಾರನ್ನು ಕೇಳುವುದು? ಒಂದು ಸಂಜೆ ಒಳ್ಳೆಯ ತಿಳಿಸಾರು ಕುಡಿಯುತ್ತಾ ಅತ್ತುಬಿಟ್ಟೆ. "ಖಾರ ಆಯ್ತಾ ಮೇಡಂ?" ಎಂದು ಸಪ್ಲೈಯರ್ ಸಕ್ಕರೆ ತಂದಿಟ್ಟ. ಆ ವಾರ ಆ ಹೋಟೆಲಿನ ಸೇವೆ ಚೆನ್ನಾಗಿದೆ ಎಂದು ಬರೆದೆ.

ಅಕ್ಕ ಒಲೆಯ ಮುಂದೆ ಇರುವಷ್ಟು ಹೊತ್ತು ಅಕ್ಕನೇ ಆಗಿರುತ್ತಿದ್ದಳು. ಹೊರಗೆ ಬಂದರೆ ಬಾಗಿಲು ಯಾವ ಕಡೆ ಎಂದು ನಿಂತುಬಿಡುವಳು, ಅದೇ ಮಾತನ್ನು ಮತ್ತೆ ಮತ್ತೆ ಕೇಳುವಳು. ಒಳಗೆ ಹೋಗಿ ಒಗ್ಗರಣೆಗೆ ಸಾಸಿವೆ ಹಾಕಿದರೆ ಮಾತ್ರ ಮತ್ತೆ ಹಳೆಯ ಅಕ್ಕ: ನನ್ನನ್ನು ಬೈಯುವುದು, ಈರುಳ್ಳಿ ದಪ್ಪ ಹೆಚ್ಚಿದ್ದೀಯ ಎಂದು ಮೂತಿ ತಿವಿಯುವುದು, ಅವ್ವನ ಕಾಲದ ಸುದ್ದಿ ಹೇಳುವುದು. ಅದಕ್ಕಾಗಿಯೇ ಭಾವ ಮತ್ತು ನಾನು ಈ ನಾಟಕ ಆಡುತ್ತಿದ್ದೆವು. ಇನ್ನೊಂದು ವರ್ಷ ಸಿಕ್ಕರೂ ಸಾಕೆನ್ನುವಂತಿತ್ತು.

ಒಂದು ಸೋಮವಾರ ಹುರುಳಿಕಾಯಿ ಸಾಂಬಾರು. ಅಕ್ಕ ಪೂಜೆಗೆ ಹೋದಳು. ನಾನು ಅಂಗೈಗೆ ಸುರಿದುಕೊಂಡು ನಾಲಿಗೆಗೆ ಹಚ್ಚಿದೆ. ಬಾಯಿಗಿಡುವ ಹಾಗಿರಲಿಲ್ಲ, ಅಷ್ಟು ಉಪ್ಪು. ಇನ್ನೊಂದು ಸಲ ನೋಡೋಣವೆಂದು ಮತ್ತೆ ಅಂಗೈಗೆ ಸುರಿದುಕೊಂಡೆ. ತಿರುಗಿದರೆ ಬಾಗಿಲಲ್ಲಿ ಅಕ್ಕ. ಹಣೆ ತುಂಬ ವಿಭೂತಿ. ಬೆಂಕಿಪೊಟ್ಟಣ ತೆಗೆದುಕೊಂಡು ಹೋಗಲು ಬಂದಿದ್ದಳು. ನನ್ನ ಅಂಗೈ ಇನ್ನೂ ಬಾಯಿಯ ಹತ್ತಿರವೇ ಇತ್ತು.

ಬೈಯುತ್ತಾಳೆ ಎಂದುಕೊಂಡೆ. ಪಾತ್ರೆಯನ್ನು ಎತ್ತಿ ಚೆಲ್ಲುತ್ತಾಳೆ ಎಂದುಕೊಂಡೆ. ಅವಳು ಒಳಗೆ ಬಂದು, ಹಾಲ್ ಕಡೆಯ ಬಾಗಿಲು ಮುಂದೆ ಮಾಡಿದಳು.

"ಯಾವಾಗಿಂದ ನಡೀತಿದೆ ಇದು?"

ಸುಳ್ಳು ಹೊರಡಲಿಲ್ಲ. "ನಾನು ಬಂದಾಗಿಂದ, ಅಕ್ಕ."

"ನಿಮ್ಮ ಭಾವಂಗೆ ಗೊತ್ತಾ?"

"ಅವರೇ ಕರೆದಿದ್ದು."

ಅವಳು ಬೇಳೆಯ ಡಬ್ಬಿ ನೋಡಿದಳು, ಹಿಂಡಲು ಇಟ್ಟಿದ್ದ ನಿಂಬೆಹಣ್ಣು ನೋಡಿದಳು. ಅಡುಗೆಯವಳಿಗೆ ಅದಕ್ಕಿಂತ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಕಮ್ಮಿ ಆಗುತ್ತಾ, ಜಾಸ್ತಿ ಆಗುತ್ತಾ?"

"ಒಂದೊಂದು ದಿನ ಒಂದೊಂದು ಥರ."

ಅವಳು ಬಲಗೈ ಚಾಚಿ "ಹಾಕು" ಅಂದಳು.

"ಬೇಡ ಅಕ್ಕ, ಎಡೆ ಆಗಿಲ್ಲ."

"ಹಾಕೇ."

ಹಾಕಿದೆ. ಜೀವಮಾನದಲ್ಲಿ ಎಡೆಗೆ ಮುಂಚೆ ಒಂದು ಹನಿ ಮುಟ್ಟದವಳು ಅಂಗೈ ಬಾಯಿಗೆ ತಂದು, ಕಣ್ಣು ಮುಚ್ಚಿ, ನಿಧಾನವಾಗಿ ಚಪ್ಪರಿಸಿದಳು. ಮತ್ತೊಮ್ಮೆ ನೆಕ್ಕಿದಳು. ಮುಖ ಕಿವುಚುತ್ತಾಳೆ ಎಂದು ಕಾದೆ. ಕಿವುಚಲಿಲ್ಲ. ಕಣ್ಣು ತೆರೆದು, ಪರೀಕ್ಷೆ ಬರೆದು ಬಂದ ಮಗುವಿನ ಹಾಗೆ ನನ್ನನ್ನು ನೋಡಿದಳು.

"ಸರಿಯಾಗಿದೆ ಅಲ್ವೇನೇ?"

ಮರೆತದ್ದು ಉಪ್ಪು ಹಾಕುವುದನ್ನು ಮಾತ್ರ ಎಂದುಕೊಂಡಿದ್ದೆವು. ಉಪ್ಪು ಎಷ್ಟಿರಬೇಕು ಎನ್ನುವುದೇ ಅವಳ ನಾಲಿಗೆಯಿಂದ ಹೋಗಿತ್ತು.

"ಸರಿಯಾಗಿದೆ ಅಕ್ಕ" ಅಂದೆ.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನನ್ನು ಸೊಂಟದ ಮೇಲೆ ಎತ್ತಿ ಬೆಳೆಸಿದವಳು, ಆ ಮುಖ ಓದುವುದನ್ನು ಇನ್ನೂ ಮರೆತಿರಲಿಲ್ಲ. ಗ್ಯಾಸ್ ಆರಿಸಿದಳು. ಸೆರಗಿಗೆ ಕೈ ಒರೆಸಿಕೊಂಡಳು.

"ಇದನ್ನ ಸರಿ ಮಾಡಿ ನೀನೇ ಎಡೆ ಇಡು" ಅಂದಳು.

"ಎಂಜಲಾಯ್ತಲ್ಲ ಅಕ್ಕ. ಬೇರೆ ಮಾಡೋಣ, ಇನ್ನೂ ಹೊತ್ತಿದೆ."

"ಆಗ್ಲಿ ಬಿಡು."

ಆ ಮಾತನ್ನು ಅಷ್ಟು ಮೆಲ್ಲಗೆ ಹೇಳಿ, ಬಾಗಿಲು ತೆಗೆದುಕೊಂಡು ಹೊರಗೆ ಹೋದಳು. ನಾನು ಬೇಳೆ ಸುರಿದೆ, ನೀರು ಹಾಕಿ ಕುದಿಸಿದೆ, ನಿಂಬೆಹಣ್ಣು ಹಿಂಡಿದೆ. ಕಣ್ಣೀರು ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ದೇವರಮನೆಯಲ್ಲಿ ದೀಪ ಹಚ್ಚಿ ಎಡೆ ಇಟ್ಟೆ. ಬೇಡಿಕೊಳ್ಳಲು ಏನೂ ತೋಚಲಿಲ್ಲ, ಹಾಗೇ ಎದ್ದು ಬಂದೆ.

ಜನ ಬಂದು ಕೂತಿದ್ದರು. ಭಾವ ಬಡಿಸುತ್ತಿದ್ದರು. ಅಕ್ಕ ಬೆಂಚಿನ ತುದಿಯಲ್ಲಿ, ಊಟಕ್ಕೆ ಬಂದವರ ಸಾಲಿನಲ್ಲಿ ಕೂತಿದ್ದಳು. ಅವಳು ಅಲ್ಲಿ ಕೂತದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಆ ತಮಿಳು ಹಿರಿಯರು ಅನ್ನ ಕಲಸುತ್ತಾ ಅವಳ ಕಡೆ ತಿರುಗಿದರು.

"ಇವತ್ತು ಸಾಂಬಾರ್ ತುಂಬಾ ಚೆನ್ನಾಗಿದೆ ಅಮ್ಮ."

"ನಂದಲ್ಲಪ್ಪ ಅದು" ಅಂದಳು ಅಕ್ಕ. "ನನ್ನ ತಂಗಿ ಮಾಡಿದ್ದು. ಇನ್ಮೇಲೆ ಅವಳೇ ಮಾಡೋದು."

ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಬೇಳೆ ಬೇಯಿಸಿದ್ದು ಅವಳು, ಖಾರ ರುಬ್ಬಿದ್ದು ಅವಳು, ಒಗ್ಗರಣೆ ಕೊಟ್ಟಿದ್ದೂ ಅವಳೇ. ಹೊರಗೆ ಹೋಗಿ ಎಲ್ಲರ ಮುಂದೆ ಹಾಗೆಂದು ಹೇಳಬೇಕೆನ್ನಿಸಿತು, ಹೋಗಲಿಲ್ಲ. ಅಕ್ಕ ಮತ್ತೆ ಒಲೆಯ ಮುಂದೆ ನಿಲ್ಲಲಿಲ್ಲ.