ಸೇತುವೆಯ ಈಚೆ ನಿಂತ ಹರಿಣಾಕ್ಷಿ

ಹೊಸಂಗಡಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಪೈವಳಿಕೆ ಕಡೆಯಿಂದ ಬಂದ ಮೊದಲ ಬಸ್ಸಿನಿಂದ ಇಳಿದ ಹೆಂಗಸು ಹೆದ್ದಾರಿ ದಾಟಿ, ಟಿ.ವಿ. ರಿಪೇರಿ ಅಂಗಡಿಯ ಶಟರನ್ನು ಅರ್ಧಕ್ಕೆ ಎತ್ತಿ, ಬಗ್ಗಿ ಒಳಗೆ ಹೋಗುತ್ತಾಳೆ. ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು ಬೆಸುಗೆ ಕಡ್ಡಿಯ ಸ್ವಿಚ್ ಹಾಕುತ್ತಾಳೆ. ಅದು ಕಾಯುವವರೆಗೆ ಮೇಜಿನ ಮೇಲೆ ಅಂಗೈ ಊರಿ ಸುಮ್ಮನೆ ನಿಲ್ಲುತ್ತಾಳೆ. ಮೇಜು ನಡುಗುತ್ತದೆಯೋ ಎಂದು ನೋಡುವುದು ಹೀಗೆ.

"ಎಂಟು ಗಂಟೆ ಆದ ಮೇಲೆ ಲಾರಿಗಳ ಕಾಟ. ಒಂದು ಲಾರಿ ಹೋದರೆ ಇಡೀ ಮೇಜು ಅಲ್ಲಾಡ್ತದೆ. ತಂತಿ ಒಂದು ಕೂದಲಿನಷ್ಟು ಜಾರಿದರೂ ಯಾರದ್ದೋ ಹತ್ತು ವರ್ಷದ ರಾಜ್ಯ ಹೋಯ್ತು" ಎನ್ನುತ್ತಾಳೆ ಹರಿಣಾಕ್ಷಿ.

ರಾಜ್ಯ ಇರುವುದು ಅವಳ ಎದುರು ಬಿಚ್ಚಿಟ್ಟ ಒಂದು ಪ್ಲಾಸ್ಟಿಕ್ ಕ್ಯಾಸೆಟ್ಟಿನೊಳಗೆ. ಟಿ.ವಿ.ಗೆ ಜೋಡಿಸುವ ಹಳೆಯ ವಿಡಿಯೋ ಗೇಮಿನ ಕ್ಯಾಸೆಟ್ ಅದು. ಕಾರು ಓಡಿಸುವ, ಗುಂಡು ಹೊಡೆಯುವ ಆಟ ಅಲ್ಲ. ಒಬ್ಬ ವೀರನಿಗೆ ನಮ್ಮ ಹೆಸರಿಟ್ಟು, ಊರಿಂದ ಊರಿಗೆ ನಡೆಸಿ, ಸಿಕ್ಕಿದವರಲ್ಲಿ ಮಾತಾಡಿಸಿ, ಕತ್ತಿ ಕೊಡಿಸಿ, ಗುಹೆಗೆ ಇಳಿಸಿ, ವಾರಗಟ್ಟಲೆ ಆಡುವ ಕಥೆಯ ಆಟ. ತೊಂಬತ್ತರ ದಶಕದಲ್ಲಿ ಗಲ್ಫಿನಿಂದ ಬಂದ ಪೆಟ್ಟಿಗೆಗಳಲ್ಲಿ ಸೆಂಟು, ಟಾರ್ಚು, ಹಾಲಿನ ಪುಡಿಯ ನಡುವೆ ಇಂಥವೂ ಈ ಕಡೆಗೆ ಬಂದವು. ಕೆಲವುಗಳ ಅಕ್ಷರ ಜಪಾನಿ. ಓದಲು ಬಾರದಿದ್ದರೂ, ಮೇಲಿನಿಂದ ಮೂರನೇ ಸಾಲು ಒತ್ತಿದರೆ ಆಟ ಉಳಿಯುತ್ತದೆ ಎಂದು ಕಂಡುಕೊಂಡು ಆಡಿ ಮುಗಿಸಿದವರು ಮಂಜೇಶ್ವರದ ಸುತ್ತ ಈಗಲೂ ಇದ್ದಾರೆ.

ಆಡಿದ್ದನ್ನು ಕ್ಯಾಸೆಟ್ ನೆನಪಿಟ್ಟುಕೊಳ್ಳುವುದು ಒಳಗಿನ ಒಂದು ಗುಂಡು ಬ್ಯಾಟರಿಯಿಂದ, ಕೈಗಡಿಯಾರದ್ದರ ಹಾಗಿನದು. ಕಪಾಟಿನಲ್ಲಿ ಜೋಪಾನವಾಗಿ ಸುತ್ತಿಟ್ಟರೂ ಅದು ತನ್ನ ಪಾಡಿಗೆ ಸವೆಯುತ್ತಿರುತ್ತದೆ. ಸತ್ತ ದಿನ ವೀರನೂ ಇಲ್ಲ, ರಾಜ್ಯವೂ ಇಲ್ಲ. ಅದು ಸಾಯುವ ಮೊದಲೇ, ಒಳಗಿರುವುದೊಂದೂ ಹೋಗದ ಹಾಗೆ ಹೊಸದನ್ನು ಹಾಕಿಕೊಡುವುದು ಹರಿಣಾಕ್ಷಿಯ ಕೆಲಸ. ಅಂಗಡಿಯ ಬೋರ್ಡಿನಲ್ಲಿ ಇರುವುದು ಮಾಲೀಕ ರೇಮಂಡರ ಹೆಸರು. ಹೀಗಾಗಿ ಮುಳ್ಳೇರಿಯದವರೂ ಮಂಗಳೂರಿನವರೂ ಇದನ್ನು ರೇಮಂಡರ ಕೈಗುಣ ಎಂದೇ ಹೊಗಳುತ್ತಾರೆ. ಕೈಗುಣದವಳು ಪರದೆಯ ಹಿಂದೆ ಕೂತಿರುತ್ತಾಳೆ.

ಅವಳು ಹಳೆಯ ಬ್ಯಾಟರಿಯನ್ನು ಮೊದಲು ಕೀಳುವುದಿಲ್ಲ. ಕೂದಲೆಳೆಯಂಥ ಎರಡು ಸಪುರ ತಂತಿಗಳಿಂದ ಇನ್ನೊಂದು ಬ್ಯಾಟರಿಯನ್ನು ಪಕ್ಕದಲ್ಲಿ ಜೋಡಿಸುತ್ತಾಳೆ. ಆಮೇಲೆ ಹಳೆಯದರ ಬೆಸುಗೆ ಕರಗಿಸಿ ಎತ್ತಿ, ಆ ಜಾಗಕ್ಕೆ ಹೊಸದನ್ನು ಕೂರಿಸಿ, ಕೊನೆಗೆ ತಂತಿ ಬಿಡಿಸುತ್ತಾಳೆ. "ಮಗುವನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ದಾಟಿಸಿದ ಹಾಗೆ. ನಡುವಿನಲ್ಲಿ ನೆಲಕ್ಕೆ ಇಡ್ಲಿಕ್ಕೆ ಇಲ್ಲ" ಎನ್ನುತ್ತಾಳೆ. ಕೈ ಒಮ್ಮೆಯೂ ಅವಸರ ಮಾಡುವುದಿಲ್ಲ. ಪಕ್ಕದ ಸ್ಟೂಲಿನಲ್ಲಿ ಕೂತು ಬರೆದುಕೊಳ್ಳುವ ಪತ್ರಿಕೆಯವರಿಗೆ ಆ ಕೈಗಳ ಮೇಲೆ ಹೊಟ್ಟೆಕಿಚ್ಚು ಬರುತ್ತದೆ.

ಅವಳ ಹೊಟ್ಟೆಕಿಚ್ಚೇ ಬೇರೆ.

ಪೈವಳಿಕೆಯ ಮನೆಗೆ ಗೇಮಿನ ಯಂತ್ರ ಬಂದದ್ದು ಅವಳು ಎಂಟನೇ ತರಗತಿಯಲ್ಲಿದ್ದಾಗ. ಬಹರೈನಿನಲ್ಲಿದ್ದ ಮಾವ ಕಳಿಸಿದ್ದು. ಜತೆಗೆ ಇದ್ದದ್ದು ಒಂದೇ ಕ್ಯಾಸೆಟ್, ಅದೂ ಇಂಥದೇ ಕಥೆಯ ಆಟ. ಅಣ್ಣ ಧನರಾಜ್ ಅದನ್ನು ತನ್ನದು ಮಾಡಿಕೊಂಡ. "ನಾನು ಸಡಿಲ ವಯರು ಹಿಡಿದು ನಿಲ್ಲುವುದು, ಅವನು ಆಡುವುದು. ಒಂದು ಸಲ ಕೊಡಾ ಅಂದರೆ, ನೀನು ಮುಟ್ಟಿದರೆ ಹಾಳಾಗ್ತದೆ ಅನ್ನುವುದು. ನಾನು ಅವನ ಬೆನ್ನ ಹಿಂದೆ ನಿಂತೇ ಅರ್ಧ ಲೋಕ ನೋಡಿದೆ. ನನ್ನ ಕೈಯಲ್ಲಿ ಒಂದು ಹೆಜ್ಜೆ ಇಡ್ಲಿಲ್ಲ" ಎಂದು ನೆನೆಯುತ್ತಾಳೆ.

ಒಂದು ಬೆಳಿಗ್ಗೆ ಯಂತ್ರ ಹಾಕಿದರೆ ಧನರಾಜನ ವೀರ ಇಲ್ಲ. ಮೂರು ಮನೆಗಳೂ ಖಾಲಿ. ಒಂದು ಕ್ಯಾಸೆಟ್ಟಿನಲ್ಲಿ ಮೂವರ ಆಟ ಉಳಿಸಲು ಮೂರು ಜಾಗ ಇರುತ್ತದೆ, ಅದನ್ನು ಇಲ್ಲಿನವರು ಮನೆ ಎನ್ನುತ್ತಾರೆ. ಅಣ್ಣ ತಂಗಿಯ ಜಡೆ ಹಿಡಿದ. "ನೀನೇ ಮುಟ್ಟಿದ್ದು" ಎಂದ. ಅಮ್ಮ ಕಿನ್ನಿಯೂ ಅವನ ಮಾತನ್ನೇ ನಂಬಿದರು. ಹೌದು, ಮುಟ್ಟಬೇಕೆಂದು ಅವಳಿಗೆ ದಿನಾ ಆಸೆ ಇತ್ತು. ಆದರೆ ಮುಟ್ಟಿರಲಿಲ್ಲ. ಕ್ಯಾಸೆಟ್ಟನ್ನು ಪುಸ್ತಕದ ಚೀಲದಲ್ಲಿಟ್ಟುಕೊಂಡು ಹೊಸಂಗಡಿಗೆ ಬಂದಳು. ರೇಮಂಡ್ ಬಿಚ್ಚಿ ನೋಡಿ, "ಬ್ಯಾಟರಿ ಸತ್ತಿದೆ ಮಗಾ, ಯಾರೂ ಮುಟ್ಟಿದ್ದಲ್ಲ" ಎಂದರು. ಆ ಮಾತನ್ನು ಮನೆಗೆ ಬಂದು ಹೇಳಿ ಅಂದರೆ ಅವರಿಗೆ ಅಂಗಡಿ ಬಿಟ್ಟು ಬರಲಾಗಲಿಲ್ಲ. ಮುಂದೆ ಅಣ್ಣ ಯಂತ್ರವನ್ನು ಮಾರಿ ಗಲ್ಫಿಗೆ ಹೋದ. ಇವಳು ಶಾಲೆ ಬಿಟ್ಟಳು, ಟೈಲರ್ ಅಂಗಡಿಯಲ್ಲಿ ಕಾಜಾ ಹೊಲಿದಳು. 2001ರಲ್ಲಿ ರೇಮಂಡರಿಗೆ ಕಣ್ಣು ಮಂಜಾಗಿ ಸಣ್ಣ ಬೆಸುಗೆ ಕಷ್ಟವಾದಾಗ ಬಂದು ಕೇಳಿದಳು: "ನನಗೆ ಕಲಿಸಿ."

ಈಗ ಎಂಟು ವರ್ಷ. ಅಷ್ಟರಲ್ಲಿ ಅವಳು ಕಂಡ ಆಟಗಳಿಗೆ ಲೆಕ್ಕವಿಲ್ಲ. ಆದರೆ ಪ್ರತಿಯೊಂದರಲ್ಲೂ ಕಂಡದ್ದು ಮೊದಲ ಊರು ಮಾತ್ರ.

ಅದಕ್ಕೆ ಕಾರಣ ಕೆಲಸದ ಕ್ರಮ. ಹೊಸ ಬ್ಯಾಟರಿ ನಿಲ್ಲುತ್ತದೆಯೇ ಎಂದು ತಿಳಿಯಲು ಖಾಲಿ ಮನೆಯೊಂದರಲ್ಲಿ ಹೊಸ ಆಟ ತೆರೆಯಬೇಕು. ವೀರನಿಗೆ ಒಂದು ಹೆಸರಿಡಬೇಕು. ನಾಲ್ಕೇ ಅಕ್ಷರ ಹಿಡಿಯುವುದರಿಂದ ಅವಳು ಇಂಗ್ಲಿಷಿನಲ್ಲಿ ಹರಿ ಎಂದು ಬರೆಯುತ್ತಾಳೆ. ಮೊದಲ ಊರಿನ ಸತ್ರದವಳೊಡನೆ ಮಾತಾಡಿ ಆಟ ಉಳಿಸುತ್ತಾಳೆ. ಯಂತ್ರ ಆರಿಸಿ, ಕ್ಯಾಸೆಟ್ ಕಿತ್ತಿಟ್ಟು, ಹೋಟೆಲಿಗೆ ಹೋಗಿ ಚಾ ಕುಡಿದು ಬರುತ್ತಾಳೆ. ಮತ್ತೆ ಹಾಕಿದಾಗ ಹರಿ ಅಲ್ಲೇ ಇದ್ದರೆ ಬ್ಯಾಟರಿ ಸರಿ. ಆಮೇಲೆ ಹರಿಯನ್ನು ಅಳಿಸುತ್ತಾಳೆ. ಅಳಿಸದೆ ಗಿರಾಕಿಗೆ ಕೊಡುವಂತಿಲ್ಲ, ಅದು ರೇಮಂಡರ ಕಟ್ಟುನಿಟ್ಟು. ಹಿಂದೊಮ್ಮೆ ಮುಳ್ಳೇರಿಯದ ಶಿವಸುಬ್ರಹ್ಮಣ್ಯ ಎಂಬವರ ಕ್ಯಾಸೆಟ್ಟಿನಲ್ಲಿ ಹರಿ ಹಾಗೇ ಉಳಿದುಹೋಯಿತು. ಇದು ತನ್ನ ತಮ್ಮನ ಕೆಲಸ ಎಂದುಕೊಂಡು ಅವರು ಜಗಳ ತೆಗೆದರು. ಆ ಓಣಂ ರಜೆಯಿಡೀ ಇಬ್ಬರಿಗೂ ಮಾತಿಲ್ಲ.

"ಬೇರೆಯವರ ಅಂಗಳದಲ್ಲಿ ನಮ್ಮ ಬಟ್ಟೆ ಯಾಕೆ ಒಣಗಬೇಕು?" ಎನ್ನುತ್ತಾರೆ ರೇಮಂಡ್.

ಹರಿಣಾಕ್ಷಿ ವಾದಿಸುವುದಿಲ್ಲ. "ಸರಿಯೇ. ಆದರೆ ಹೊಟ್ಟೆಕಿಚ್ಚು ಇಲ್ಲ ಅಂದರೆ ಸುಳ್ಳಾಗ್ತದೆ. ಅವರೆಲ್ಲ ಸಮುದ್ರ ದಾಟಿದ್ದಾರೆ, ಹಡಗು ಉಂಟು, ಹಾರುವ ಹಡಗೂ ಉಂಟಂತೆ. ನಾನು ಎಲ್ಲ ಆಟದಲ್ಲೂ ಬಾವಿಕಟ್ಟೆ ಹತ್ತಿರ ನಿಂತಿರುವುದು. ಆ ರಾಜ್ಯ ಸಾಯದ ಹಾಗೆ ನೋಡಿಕೊಳ್ಳುವುದು ನಾನು, ತಿರುಗುವುದು ಅವರು." ಮನೆಯಲ್ಲಿ ಆಡುವ ಮಾತೂ ಇಲ್ಲ. ಯಂತ್ರ ಅಂಗಡಿಯದ್ದು. ಮನೆಯ ಟಿ.ವಿ. ಅತ್ತಿಗೆ ಶಂಕರಿಯ ಧಾರಾವಾಹಿಗಳದ್ದು. ಇಂಥ ಕ್ಯಾಸೆಟ್ಟನ್ನಂತೂ ಇಟ್ಟುಕೊಂಡವರು ಯಾರೂ ಬಿಡುವುದಿಲ್ಲ.

ಇವತ್ತು ಮೇಜಿನ ಮೇಲಿರುವುದು ಅಲ್ರಾಯ್ ಎಂಬವನ ಕ್ಯಾಸೆಟ್. ಮುಳ್ಳೇರಿಯದ ರಬ್ಬರ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಅವನ ಮನೆ ಇಲ್ಲೇ ಹೊಸಂಗಡಿಯಲ್ಲಿ. ಮೊದಲ ಮನೆಯಲ್ಲಿ ಅವನ ವೀರ, ಕೊನೆಯ ಕೋಟೆಯ ಬಾಗಿಲಲ್ಲಿ. ಎರಡನೆಯದರಲ್ಲಿ ಕುವೈತಿನಲ್ಲಿ ನರ್ಸ್ ಆಗಿರುವ ತಂಗಿ ಡೈಸಿಯ ವೀರ. ಮೂರನೆಯದು ಖಾಲಿ. ಈ ಆಟದ ಮೊದಲ ಊರಿನ ಅಂಚಿನಲ್ಲಿ ಒಂದು ಮರದ ಸೇತುವೆ ಇದೆ. ಕಾವಲುಗಾರ ಯಾರನ್ನೂ ಬಿಡುವುದಿಲ್ಲ. ಆಚೆ ಏನಿದೆ ಎಂದು ಹರಿಣಾಕ್ಷಿ ಅಲ್ರಾಯ್‌ನನ್ನು ಎಷ್ಟೋ ಸಲ ಕೇಳಿದ್ದಾಳೆ. "ಹೇಳಿದರೆ ರುಚಿ ಹೋಗ್ತದೆ" ಎಂದು ನಗುತ್ತಾನೆ.

ಬ್ಯಾಟರಿ ಬೇಗ ಕೂತಿದೆ. ರೇಮಂಡ್ ಬರಲು ಹೊತ್ತಿದೆ. ಹರಿಣಾಕ್ಷಿ ಚಾಕ್ಕೆ ಹೋಗುವುದಿಲ್ಲ. ಮೂರನೇ ಮನೆಯಲ್ಲಿ ತೆರೆದ ಹರಿಯನ್ನು ಆ ಊರಿನ ಬಾಗಿಲಿಂದ ಬಾಗಿಲಿಗೆ ನಡೆಸುತ್ತಾಳೆ. ಪ್ರತಿಯೊಬ್ಬರೊಡನೆ ಎರಡು ಸಲ ಮಾತಾಡುತ್ತಾಳೆ. "ಆಡುವವರಿಗೆ ಅವಸರ, ಒಂದು ಸಲ ಕೇಳಿ ಓಡ್ತಾರೆ. ಎರಡನೇ ಸಲ ಕೇಳಿದರೆ ಕೆಲವರು ಬೇರೆ ಹೇಳ್ತಾರೆ. ನನಗೆ ಓಡ್ಲಿಕ್ಕೆ ಜಾಗ ಎಲ್ಲಿ ಉಂಟು?" ಕಮ್ಮಾರನ ಹೆಂಡತಿ ಎರಡನೇ ಸಲ ಹೇಳುವುದು ಇಷ್ಟು: ಕಬ್ಬಿಣದ ಕತ್ತಿ ಹಿಡಿದವನನ್ನು ಮಾತ್ರ ಕಾವಲುಗಾರ ಬಿಡುತ್ತಾನೆ. ಹರಿಣಾಕ್ಷಿ ಊರಿನ ಬೇಲಿಯ ಹತ್ತಿರ ಇಲಿಗಳನ್ನೂ ಬಾವಲಿಗಳನ್ನೂ ಹೊಡೆದು ಚಿನ್ನ ಕೂಡಿಸುತ್ತಾಳೆ. ತುಟಿ ಕಚ್ಚಿಕೊಂಡಿದ್ದಾಳೆ. ಹೆದ್ದಾರಿಯಲ್ಲಿ ಲಾರಿಗಳು ಓಡಲು ಸುರುವಾಗಿ ಮೇಜು ನಡುಗುತ್ತಿದೆ, ಅವಳಿಗೆ ಗೊತ್ತಾಗುವುದಿಲ್ಲ. ಕತ್ತಿ ಸಿಗುತ್ತದೆ. ಸತ್ರಕ್ಕೆ ಹೋಗಿ ಆಟ ಉಳಿಸುತ್ತಾಳೆ, ಯಂತ್ರ ಆರಿಸಿ ಮತ್ತೆ ಹಾಕಿ ನೋಡುತ್ತಾಳೆ. ಹರಿ ಇದ್ದಾನೆ, ಕೈಯಲ್ಲಿ ಕತ್ತಿಯೂ ಇದೆ. ಇನ್ನು ಸೇತುವೆಯವರೆಗೆ ನಡೆದರೆ ಆಯಿತು.

ಶಟರು ಪೂರ್ತಿ ಮೇಲೇಳುತ್ತದೆ. ರೇಮಂಡ್. ಅವರ ಹಿಂದೆಯೇ ಅಲ್ರಾಯ್, ಅವನ ತಾಯಿ ಪೆಟ್ರೋನಿಲ್ಲಾ.

"ಎಂತ ಹರಿಣಾಕ್ಷಿ, ನನ್ನ ರಾಜ ಬದುಕಿದ್ದಾನಾ?" ಎನ್ನುತ್ತಾನೆ ಅಲ್ರಾಯ್.

"ಬದುಕಿದ್ದಾನೆ. ನೋಡು."

"ಮೂವತ್ತೈದು ವರ್ಷ ಆಯ್ತು ಇವನಿಗೆ" ಎಂದು ಪೆಟ್ರೋನಿಲ್ಲಾ ಸ್ಟೂಲು ಎಳೆದು ಕೂರುತ್ತಾರೆ. "ಹೆಣ್ಣು ನೋಡ್ಲಿಕ್ಕೆ ಹೋಗುವಾ ಅಂದರೆ ಕೋಟೆ ಮುಗಿಯಲಿ ಅಂತಾನೆ. ನೀನಾದರೂ ಇವನ ರಾಜನನ್ನು ಸಾಯಿಸಬಾರದಿತ್ತಾ ಮಗಾ?"

ಎಲ್ಲರೂ ನಗುತ್ತಾರೆ. ಅಲ್ರಾಯ್ ಮಾತ್ರ ತೆರೆಯ ಮೇಲಿನ ಮೂರನೇ ಮನೆ ನೋಡುತ್ತಿದ್ದಾನೆ.

"ಇದು ಯಾರು? ನಿನ್ನ ಹರಿಯಾ? ಕಬ್ಬಿಣದ ಕತ್ತಿ ಎಲ್ಲಿಂದ ಬಂತು?"

"ಕಮ್ಮಾರನ ಹತ್ತಿರ."

"ಇವತ್ತು ಬೆಳಿಗ್ಗೆಯಾ?" ಅವನ ಮುಖದ ನಗು ಇಳಿಯುತ್ತದೆ. "ಆ ಕತ್ತಿ ಬೇಕು ಅಂತ ಗೊತ್ತಾಗ್ಲಿಕ್ಕೇ ನನಗೂ ಡೈಸಿಗೂ ಒಂದು ಇಡೀ ದೊಡ್ಡ ರಜೆ ಹೋಗಿದೆ ಮಾರಾಯ್ತಿ. ನೀನು ಚಾ ಕುಡಿಯುವ ಹೊತ್ತಿಗೆ ತಗೊಂಡಿಯಾ!"

"ಅಳಿಸು ಹರಿಣಾಕ್ಷಿ, ಅವನಿಗೆ ಬಸ್ಸಿಗೆ ಹೊತ್ತಾಗ್ತದೆ" ಎನ್ನುತ್ತಾರೆ ರೇಮಂಡ್.

"ರೇಮಂಡಣ್ಣ, ಒಂದು ಐದು ನಿಮಿಷ. ಸೇತುವೆ ದಾಟಿ ಅಳಿಸ್ತೇನೆ."

ಎಂಟು ವರ್ಷದಲ್ಲಿ ಅವಳು ಹೀಗೆ ಕೇಳಿದ್ದು ಇದೇ ಮೊದಲು ಎಂದು ರೇಮಂಡ್ ಆಮೇಲೆ ಹೇಳುತ್ತಾರೆ. ಆಗ ಅವರು ಅಲ್ರಾಯ್ ಕಡೆ ನೋಡುತ್ತಾರೆ. ಕ್ಯಾಸೆಟ್ ಅವನದ್ದು.

"ಕೊಡು ಪುತಾ, ಐದು ನಿಮಿಷಕ್ಕೆ ಎಂತ ಹೋಗ್ತದೆ?" ಎನ್ನುತ್ತಾರೆ ತಾಯಿ.

"ನನಗೆ ಬಸ್ಸು ಉಂಟು" ಎನ್ನುತ್ತಾನೆ ಅಲ್ರಾಯ್. ಬಸ್ಸಿಗೆ ಇನ್ನೂ ಹೊತ್ತಿರುವುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಮುಖ ಸರಿ ಮಾಡಿಕೊಂಡು ಸೇರಿಸುತ್ತಾನೆ: "ಅಳಿಸುವುದು ಬೇಡ. ಹಾಗೇ ಇರಲಿ. ಆದಿತ್ಯವಾರ ನಾನೇ ನಿನ್ನ ಹರಿಯನ್ನು ಸೇತುವೆ ದಾಟಿಸ್ತೇನೆ. ಆಚೆ ಎಂತ ಉಂಟು ಅಂತ ಬಂದು ಹೇಳ್ತೇನೆ. ಆಯ್ತಲ್ಲಾ?"

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಪೆಟ್ರೋನಿಲ್ಲಾ ಸಮಾಧಾನದಿಂದ ತಲೆಯಾಡಿಸುತ್ತಾರೆ. ಹರಿಣಾಕ್ಷಿಯ ಹೆಬ್ಬೆರಳು ಗುಂಡಿಯ ಮೇಲೆಯೇ ಇದೆ.

"ಬೇಡ" ಎನ್ನುತ್ತಾಳೆ.

"ಎಂತ ಬೇಡ?"

"ನೀನು ದಾಟಿಸುವುದು ಬೇಡ."

ಅವಳು ಮೂರನೇ ಮನೆಗೆ ಇಳಿದು ಅಳಿಸುವ ಸಾಲನ್ನು ಒತ್ತುತ್ತಾಳೆ. ನಿಜವಾಗಿಯೂ ಅಳಿಸಬೇಕೇ ಎಂದು ತೆರೆ ಕೇಳುತ್ತದೆ. ಹೌದು ಎಂದು ಒತ್ತುತ್ತಾಳೆ. ಕ್ಯಾಸೆಟ್ ಕಿತ್ತು, ತುದಿ ಒರೆಸಿ, ಮುಚ್ಚಳದ ಸ್ಕ್ರೂ ಬಿಗಿದು, ಪೇಪರಿನಲ್ಲಿ ಸುತ್ತಿ ಎರಡೂ ಕೈಯಿಂದ ಕೊಡುತ್ತಾಳೆ. ಅಲ್ರಾಯ್ ಪೊಟ್ಟಣವನ್ನು ಬ್ಯಾಗಿನಲ್ಲಿಟ್ಟುಕೊಂಡು ಇಳಿದು ಹೋಗುತ್ತಾನೆ. ಪೆಟ್ರೋನಿಲ್ಲಾ ಅವನ ಹಿಂದೆ ಕೊಂಕಣಿಯಲ್ಲಿ ಬೈಯುತ್ತಾ ಹೋಗುವುದು ರಸ್ತೆಯವರೆಗೂ ಕೇಳುತ್ತದೆ.

"ಅವನಿಗೆ ಹೊಟ್ಟೆಕಿಚ್ಚು" ಎನ್ನುತ್ತಾರೆ ರೇಮಂಡ್, ಕನ್ನಡಕ ಒರೆಸುತ್ತಾ.

"ಅವನಿಗೆ ಮಾತ್ರವಾ? ನನಗೂ ಉಂಟಲ್ಲ" ಎನ್ನುತ್ತಾಳೆ ಹರಿಣಾಕ್ಷಿ. "ಅವನ ಕೈಯಲ್ಲಿ ಹರಿ ಆಚೆ ಹೋದರೆ ಹೋದದ್ದು ಅವನೇ ಅಲ್ವಾ. ಅಣ್ಣನ ಬೆನ್ನ ಹಿಂದೆ ನಿಂತು ನೋಡಿದ್ದು ಸಾಕು. ಹೋಗುವುದಾದರೆ ನಾನೇ ನಡೆದು ಹೋಗಬೇಕು."

ಅವಳ ಆಸೆ ದೊಡ್ಡದಲ್ಲ. ಒಂದು ಕ್ಯಾಸೆಟ್ ಸ್ವಂತದ್ದಾಗಬೇಕು, ಮೂರರಲ್ಲಿ ಒಂದು ಮನೆಯಲ್ಲಿ ಅವಳ ಹೆಸರು ಮರುದಿನವೂ ಇರಬೇಕು. ಯಾರಾದರೂ ರಿಪೇರಿಗೆ ಕೊಟ್ಟು ಮರೆತುಹೋದರೆ ಆಗುತ್ತಿತ್ತು ಎಂದು ನಗುತ್ತಾಳೆ. ಈ ಆಟ ಆಡಿದವರು ಮರೆಯುವ ಪೈಕಿ ಅಲ್ಲ ಎಂದು ತಾನೇ ಹೇಳುತ್ತಾಳೆ. ಪರದೆ ಸರಿಸಿ ಒಳಗೆ ಹೋಗಿ, ಮುಂದಿನ ಕ್ಯಾಸೆಟ್ಟಿನ ಸ್ಕ್ರೂ ತಿರುಗಿಸುತ್ತಾ, ತಲೆ ಎತ್ತದೆ ಇನ್ನೊಂದು ಮಾತು ಸೇರಿಸುತ್ತಾಳೆ.

"ಬೇಕಾದರೆ ಇದನ್ನು ಬರೆಯಿರಿ. ಇಷ್ಟು ವರ್ಷ ನಾನು ಅಳಿಸಿದ್ದು ನನ್ನದನ್ನು ಮಾತ್ರ. ಬೇರೆ ಯಾರದ್ದೂ ನನ್ನ ಕೈಯಲ್ಲಿ ಹೋಗ್ಲಿಲ್ಲ."