ಯೂನಿವರ್ಸಿಟಿಗೆ ಎರಡು ಟಿಕೆಟ್

ನಮ್ಮ ಕಾಲೇಜು ಎಂದರೆ ಗೇರುಮರಗಳ ನಡುವೆ ನಾಲ್ಕು ಕೋಣೆ. ಆದರೆ ಅದು ದೊಡ್ಡ ವಿಶ್ವವಿದ್ಯಾಲಯದ ಗ್ರಾಮೀಣ ಕ್ಯಾಂಪಸ್. ಬೋರ್ಡಿನ ಮೇಲೆ ಅದರದೇ ಹೆಸರಿತ್ತು. ಅದೂ ಒಂದು ಯೂನಿವರ್ಸಿಟಿಯಾ ಎಂದು ನಕ್ಕವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಮೊದಲ ದಿನ ಹೊರಟದ್ದು ಅಮ್ಮನ ಜೊತೆ, ಅವಳು ದಿನವೂ ಮೀನು ಮಾರಲು ಹೋಗುವ ಬಸ್ಸಿನಲ್ಲೇ. ತ್ರಾಸಿಯಲ್ಲಿ ಹತ್ತಿ, ಬುಟ್ಟಿಯನ್ನು ಹಿಂದಿನ ಸೀಟಿನ ಬಳಿ ಇಟ್ಟು, ಅವಳು ಕಂಡಕ್ಟರನ್ನು ಕರೆದಳು: "ಹ್ವಾಯ್, ಯೂನಿವರ್ಸಿಟಿಗೆ ಎರಡ್ ಟಿಕೆಟ್ ಕೊಡಿ."

"ಅದ್ ಎಲ್ಲಿತ್ತ್ ಮಾರಾಯ್ರೆ? ನೀವ್ ದಿನಾ ಇಳಿಯುದ್ ಗೇರುಹಾಡಿ ಅಲ್ದಾ?" ಕಂಡಕ್ಟರ್ ನಕ್ಕ.

"ನಾನ್ ಒಬ್ಳೇ ಇಳಿವತಿಗೆ ಗೇರುಹಾಡಿ ಅನ್ನಿ, ಅಡ್ಡಿಲ್ಲೆ. ಇವತ್ ಮಗ್ಳ್ ಕಾಲೇಜಿಗ್ ಹೋತ್ಲ್. ಸ್ಟಾಪ್ ಬಂದಾಗ ನೀವ್ ಯೂನಿವರ್ಸಿಟಿ ಅಂದೇ ಕೂಗ್ಕ್."

ಬಸ್ಸಿನವರೆಲ್ಲ ನಮ್ಮತ್ತ ತಿರುಗಿದರು. ನಾನು ತಲೆ ತಗ್ಗಿಸಲಿಲ್ಲ.

ಏರು ಹತ್ತಿ ಬಸ್ಸು ನಿಧಾನವಾಯಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು, ವಿಸಿಲ್ ಊದಿ, ಮಂಗಳೂರೇ ಬಂತೆಂಬಷ್ಟು ಜೋರಾಗಿ ಕೂಗಿದ: "ಯೂನಿವರ್ಸಿಟಿ! ಯೂನಿವರ್ಸಿಟಿ ಇಳಿವವ್ರ್ ಬನ್ನಿ!"

ಮೊದಲು ಇಳಿದವಳು ಅಮ್ಮ, ಸೊಂಟಕ್ಕೆ ಬಂಗುಡೆ ಬುಟ್ಟಿ ಆನಿಸಿಕೊಂಡು. ಅವಳ ಹಿಂದೆ ನಾನು.