ಒಂದು ಗೇಣು ಎತ್ತರ

ರಟ್ಟಣ್ಣನ ಅಂಗಡಿಗೆ ಹೋಗಬೇಕಾದರೆ ಈಗ ಎರಡು ಮೆಟ್ಟಿಲು ಇಳಿಯಬೇಕು. ಮೂವತ್ತು ವರ್ಷದ ಹಿಂದೆ ಒಂದು ಮೆಟ್ಟಿಲು ಹತ್ತಬೇಕಿತ್ತು. ಅಂಗಡಿಯೇನೂ ಕುಸಿದಿಲ್ಲ, ಇದ್ದಲ್ಲೇ ಇದೆ. ಸುತ್ತಲಿನದೆಲ್ಲ ಮೇಲೆದ್ದಿದೆ.

ಹುಟ್ಟಿದಾಗ ಇಟ್ಟ ಹೆಸರು ಅವನ ಹೆಂಡತಿಗೂ ನೆನಪಿದೆಯೋ ಇಲ್ಲವೋ. ಪುಸ್ತಕಕ್ಕೆ ರಟ್ಟು ಕಟ್ಟುವ ಕಸುಬು, ಹಾಗಾಗಿ ರಟ್ಟಣ್ಣ. ಉಗುರಿನ ಸಂದಿಯಲ್ಲಿ ಸದಾ ಒಣಗಿದ ಗೋಂದು. ಕಚೇರಿಗಳ ಹರಿದ ರಿಜಿಸ್ಟರು, ವಕೀಲರ ದಪ್ಪ ಪುಸ್ತಕ, ಶಾಲೆಯ ಹಾಜರಿ ಪಟ್ಟಿ ಎಲ್ಲಕ್ಕೂ ಅವನೇ ಬೆನ್ನು ಕೂರಿಸಬೇಕು. ಕಾಗದವೇ ಅನ್ನ. ಕಾಗದಕ್ಕೂ ನೀರಿಗೂ ಹಾವು ಮುಂಗುಸಿ ಸಂಬಂಧ ಅಂತ ಬೇರೆ ಹೇಳಬೇಕಿಲ್ಲ.

ಆ ಸಾಲಿನಲ್ಲಿ ಐದು ಅಂಗಡಿ, ಗೋಡೆಗೆ ಗೋಡೆ ಅಂಟಿಕೊಂಡು. ರಸ್ತೆ ಇಳಿಜಾರು. ಮೇಲಿಂದ ಎಣಿಸಿದರೆ ಮೂರನೆಯದು ಕನ್ನಡಕದ ಅಂಗಡಿ, ನಾಲ್ಕನೆಯದು ರಟ್ಟಣ್ಣನದು, ಐದನೆಯದು ಕೊಡೆ ರಿಪೇರಿಯವನದು. ಅದರಾಚೆ ದೊಡ್ಡ ಮೋರಿ. ಈ ಐದು ಜನ ಎಲ್ಲೂ ಬರೆದಿಡದ ಒಂದು ಕಾನೂನು ಪಾಲಿಸುತ್ತ ಬಂದಿದ್ದರು: ಯಾರು ರಿಪೇರಿ ಮಾಡಿಸಿದರೂ ತನ್ನ ಹೊಸ್ತಿಲು ಪಕ್ಕದವನಿಗಿಂತ ಒಂದು ಗೇಣು ಎತ್ತರ ಇರಬೇಕು.

ಕಾನೂನು ಶುರು ಮಾಡಿದ್ದು ಯಾರು? ನಮ್ಮ ರಟ್ಟಣ್ಣನೇ.

ಆಗ ಮೀಸೆ ಕಪ್ಪಗಿತ್ತು, ನಾಲಿಗೆ ಉದ್ದವಿತ್ತು. ಒಂದು ಮಳೆಗೆ ನೀರು ನುಗ್ಗಿತು ಅಂತ ಮಾರನೇ ವಾರವೇ ಮೇಸ್ತ್ರಿಯನ್ನು ಕರೆಸಿ ಹೊಸ್ತಿಲು ಎತ್ತಿಸಿದ. ಮುಂದಿನ ಮಳೆಯ ನೀರು ಅವನ ಮೆಟ್ಟಿಲಿಗೆ ಬಡಿದು, ತಿರುಗಿ, ಕನ್ನಡಕದ ಅಂಗಡಿಗೆ ಹೋಯಿತು. ಅಲ್ಲಿನ ಯಜಮಾನ ಪಂಚೆ ಎತ್ತಿ ಕಟ್ಟಿ ಬಕೆಟ್ಟಿನಲ್ಲಿ ನೀರು ಚೆಲ್ಲುತ್ತ ಕೂಗಿದ, "ಏನಯ್ಯಾ, ಊರ ನೀರನ್ನೆಲ್ಲ ನನ್ನೊಳಗೆ ಬಿಟ್ಟೆಯಲ್ಲ!"

"ನಿಮ್ಮ ಅಂಗಡಿ ನೀವು ನೋಡ್ಕೊಳ್ಳಿ ಯಜಮಾನ್ರೇ," ಅಂದ ರಟ್ಟಣ್ಣ, ಹೊಸ ಮೆಟ್ಟಿಲ ಮೇಲೆ ನೀರು ತಾಗದ ಕಾಲಲ್ಲಿ ನಿಂತು.

ಮೇಸ್ತ್ರಿ ಆಗಲೇ ಹೇಳಿದ್ದ. "ಹೊಸ್ತಿಲು ಆಮೇಲೆ. ಅಂಗಡಿ ಹಿಂದಿನ ಚರಂಡಿ ನೋಡು. ಐದೂ ಜನ ಸೇರಿ ವರ್ಷಕ್ಕೊಮ್ಮೆ ಹೂಳೆತ್ತಿಸಿ. ಸೂರು, ಬುಡ, ನೀರಿನ ದಾರಿ, ಈ ಮೂರು ನೋಡ್ಕೊಂಡ್ರೆ ಕಟ್ಟಡ ತಾನಾಗೇ ನಿಲ್ಲುತ್ತೆ. ಟೈಲ್ಸು, ಗಾಜು, ಬೋರ್ಡು ಎಲ್ಲ ಮದುವಣಗಿತ್ತಿ ಮುಖಕ್ಕೆ ಬಳಿದ ಪೌಡರು."

"ನಿಮ್ಮನ್ನ ಕರೆದದ್ದು ಗಾರೆ ಹಾಕೋಕೆ ಮೇಸ್ತ್ರಿ, ಪುರಾಣ ಹೇಳೋಕಲ್ಲ."

ಎರಡು ವರ್ಷ ಕಳೆಯಲಿಲ್ಲ, ಆ ಚರಂಡಿಯ ಮೇಲೇ ಚಪ್ಪಡಿ ಹಾಸಿ ಹಿಂದೊಂದು ಕೋಣೆ ಕಟ್ಟಿದ. ಕಾಗದ ಕತ್ತರಿಸುವ ಮೆಷಿನ್ನಿಗೆ ಜಾಗ ಬೇಕಿತ್ತು. ಕಬ್ಬಿಣದ ಆನೆ ಅದು. ಎಂಟು ಆಳು ಹೊತ್ತು ತಂದು ಕೂರಿಸಿದರು. ಕೂರಿಸಿದ ಮೇಲೆ ಸುತ್ತ ಗೋಡೆ ಎದ್ದಿತು. ಕಪಾಟಿಗೆ ಜಾಗ ಸಿಗಲಿ ಅಂತ ಬಾಗಿಲು ಕಿರಿದು, ಖರ್ಚು ಉಳಿಯಲಿ ಅಂತ ಸೂರು ಗಿಡ್ಡ. ಮೆಷಿನ್ನಿನ ಮೇಲಿನ ಚಕ್ರಕ್ಕೂ ಸೂರಿಗೂ ನಡುವೆ ಒಂದು ಅಂಗೈ ಮಾತ್ರ.

"ಇದು ಹೊರಗೆ ಹೋಗೋದು ಹೇಗಪ್ಪಾ?" ಅಂತ ಮೇಸ್ತ್ರಿ ಕೇಳಿದ್ದ.

"ಇದ್ಯಾಕೆ ಹೊರಗೆ ಹೋಗ್ಬೇಕು?"

ಅವನನ್ನು ನೋಡಿ ಉಳಿದವರೂ ಹಿಂದೆ ಕೋಣೆ ಕಟ್ಟಿಕೊಂಡರು. ಚರಂಡಿ ಸತ್ತಿತು. ಮುಂದೆ ಕೊಡೆಯವನೊಬ್ಬನನ್ನು ಬಿಟ್ಟು ಒಬ್ಬೊಬ್ಬರೇ ಗೇಣು ಗೇಣು ಎದ್ದರು. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿತ್ತು. ರಟ್ಟಣ್ಣ ಏಳಲಾರ. ನೆಲ ಎತ್ತಿದರೆ ಚಕ್ರ ಸೂರಿಗೆ ತಾಗುತ್ತದೆ. ಮೆಷಿನ್ನು ತೆಗೆಯಲು ಗೋಡೆ ಒಡೆದರೆ ಸೂರೇ ತಲೆ ಮೇಲೆ.

ಉಳಿದದ್ದು ಒಂದೇ ದಾರಿ. ಅವನಿಗೂ ಕೊಡೆಯವನಿಗೂ ನಡುವಿನ ಗೋಡೆಯ ಬುಡದಲ್ಲಿ ಇಟ್ಟಿಗೆಯಷ್ಟು ತೂತು. ಒಳಬಂದ ನೀರು ಅದರಲ್ಲಿ ನುಸುಳಿ, ಕೊಡೆಯವನ ನೆಲದ ಮೇಲೆ ಹರಿದು, ಮೋರಿ ಸೇರುತ್ತಿತ್ತು. ಕೊಡೆಯವನು ಸಾಧು ಪ್ರಾಣಿ. "ಬರ್ಲಿ ಬಿಡಣ್ಣ, ನೀರಿಲ್ದೆ ಕೊಡೆಗೆ ಯಾರು ಬರ್ತಾರೆ?" ಅಂತ ನಗುತ್ತಿದ್ದ. ಹೋದ ವರ್ಷ ತುಕ್ಕು ಹಿಡಿದ ಕಡ್ಡಿಗಳ ಕಟ್ಟು ಹೆಗಲಿಗೇರಿಸಿ, ಅಂಗಡಿ ಮಾರಿ ಹೋದ. ಹೋಗುವಾಗ ನಗಲಿಲ್ಲ.

ಕೊಂಡವಳು ಒಬ್ಬ ಹೊಲಿಗೆಯವಳು. ಕೊರಳಲ್ಲಿ ಅಳತೆ ಟೇಪು, ಬಾಯಲ್ಲಿ ಗುಂಡುಸೂಜಿ. ಬಂದ ವಾರವೇ ಬಾಗಿಲ ಮುಂದೆ ಜಲ್ಲಿ ಸುರಿಸಿದಳು.

ರಟ್ಟಣ್ಣನ ಹೆಂಡತಿ ಹಾಳೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು. "ಅವಳು ನೆಲ ಎತ್ತಿದ್ರೆ ತೂತು ಮುಚ್ತು. ಆಮೇಲೆ ನಮ್ಮದು ಅಂಗಡಿ ಅಲ್ಲ, ಬಾವಿ. ಹೋಗಿ ಮಾತಾಡಿ."

ಮೊದಲು ಕನ್ನಡಕದ ಅಂಗಡಿಗೆ ಹೋದ. ಈಗ ಅಲ್ಲಿ ಕೂರುವುದು ಮಗ.

"ಎಲ್ಲರೂ ಸೇರಿ ಹಿಂದಿನ ಚರಂಡಿ ತೆರೆಸೋಣಪ್ಪ."

"ತೆರೆಸೋಣ. ನಾಲ್ಕು ಅಂಗಡಿ ನೀರು ನಿಮ್ಮ ಮೆಷಿನ್ನಿನ ಕೆಳಗೇ ಹೋಗ್ಬೇಕು. ಅದನ್ನ ಯಾವಾಗ ತೆಗೀತೀರಿ?"

ರಟ್ಟಣ್ಣ ಗೋಡೆಯ ಕನ್ನಡಿ ನೋಡಿದ.

"ನಮ್ಮಪ್ಪಂಗೆ ನೀವು ಹೇಳಿದ್ದನ್ನೇ ಹೇಳ್ತೀನಿ," ಅಂದ ಮಗ, ಗಾಜು ಒರೆಸುತ್ತ. "ನಿಮ್ಮ ಅಂಗಡಿ ನೀವು ನೋಡ್ಕೊಳ್ಳಿ."

ಹೊಲಿಗೆಯವಳು ಹಾಗಲ್ಲ. ಸ್ಟೂಲು ಕೊಟ್ಟಳು, ಕೂತು ಕೇಳಿದಳು. ರಟ್ಟಣ್ಣ ಮೂವತ್ತು ವರ್ಷದ ಬುದ್ಧಿಯನ್ನೆಲ್ಲ ಒಂದೇ ಉಸಿರಿಗೆ ಸುರಿದ. ಬಾಗಿಲು ಅಗಲ ಇಡಿಸು. ದೊಡ್ಡ ಮೆಷಿನ್ನು ತರುವ ಮೊದಲು ಅದು ಹೊರಗೆ ಹೋಗುವ ದಾರಿ ನೋಡು. ಬೇಸಿಗೆಯಲ್ಲೇ ಸೂರಿನ ಬಿರುಕು ಮುಚ್ಚಿಸು, ಮಳೆಯಲ್ಲಿ ಬಳಿದ ಸಿಮೆಂಟು ನಾಯಿ ಬಾಲಕ್ಕೆ ಕಟ್ಟಿದ ದಬ್ಬೆ. ಚರಂಡಿ ಮೇಲೆ ಒಂದು ಕಲ್ಲೂ ಇಡಬೇಡ. ಕೊನೆಗೆ, ನೋಡಮ್ಮ, ನೆಲ ಎತ್ತಬೇಡ.

"ಹೇಳಿದ್ದೆಲ್ಲ ಮಾಡಿಸ್ತೀನಿ ಅಣ್ಣ. ಕೊನೇದು ಬಿಟ್ಟು."

"ಯಾಕಮ್ಮ?"

ಅವಳು ಎದ್ದು ಗೋಡೆಯ ಹತ್ತಿರ ನಿಂತಳು. ಕಂದು ಕಲೆಯ ಗೆರೆ ಅವಳ ಮೊಣಕಾಲಿನವರೆಗಿತ್ತು. "ಇದು ಮೋರಿ ನೀರು. ನನ್ನ ಹತ್ರ ಇರೋದು ಬೇರೆಯವರ ಬಟ್ಟೆ. ಒದ್ದೆ ಮಾಡಿ ವಾಪಸ್ ಕೊಡ್ಲಾ?"

"ನೆಲದ ಕೆಳಗೆ ನನ್ನದೊಂದು ಪೈಪಾದ್ರೂ ಬಿಡಿಸು."

ಅಷ್ಟರಲ್ಲಿ ಅದೇ ಹಳೇ ಮೇಸ್ತ್ರಿ ಬಂದ. ಬೆನ್ನು ಬಾಗಿದೆ, ಬಾಯಿ ಬಾಗಿಲ್ಲ. "ಪೈಪು ಬಿಡ್ಬಹುದು. ಮೋರಿ ತುಂಬಿದ ದಿನ ಅದೇ ಪೈಪಲ್ಲಿ ಮೋರಿ ಸೀದಾ ನಿನ್ನ ಅಂಗಡಿಗೆ ಬರುತ್ತೆ. ಇಷ್ಟು ವರ್ಷ ಮೊದಲು ಮುಳುಗ್ತಾ ಇದ್ದವನು ಕೊಡೆಯವನು. ಅವನು ತುಂಬಿದ ಮೇಲೆ ನಿನ್ನ ಪಾಳಿ."

ರಟ್ಟಣ್ಣನಿಗೆ ಇದು ಹೊಳೆದೇ ಇರಲಿಲ್ಲ. ತೂತಿನ ಈ ಕಡೆಯಿಂದ ಮಾತ್ರ ನೋಡಿದ್ದ.

"ತಪ್ಪು ತಿಳೀಬೇಡಿ ಅಣ್ಣ," ಅಂದಳು ಹೊಲಿಗೆಯವಳು. "ನಾನೊಬ್ಬಳು ಎತ್ತದೆ ಇದ್ರೆ ಗುಂಡಿ ಆಗೋದು ನಾನೇ ಅಲ್ವಾ?"

ತಪ್ಪು ತಿಳಿಯಲು ಏನಿತ್ತು? ಅದು ಅವನದೇ ಮಾತು, ಅವನದೇ ಮೀಸೆ ಕಪ್ಪಗಿದ್ದಾಗಿನದು. ಬೈಯಬೇಕೆಂದರೆ ಯಾರನ್ನು ಬೈಯುವುದು? ಎದ್ದು ಹೊರಟ.

"ಹೋಗ್ಬೇಡ, ಒಂದು ನಿಮಿಷ," ಅಂದ ಮೇಸ್ತ್ರಿ. "ಇವತ್ತು ಆಳು ಬಂದಿಲ್ಲ. ಈ ತುದಿ ಹಿಡ್ಕೋ."

ನೀರು ತುಂಬಿದ ಉದ್ದನೆಯ ಪ್ಲಾಸ್ಟಿಕ್ ಪೈಪು, ಮಟ್ಟ ನೋಡುವುದು. ಒಂದು ತುದಿ ಹಿಡಿದು ರಟ್ಟಣ್ಣ ತನ್ನ ಅಂಗಡಿಯ ಮೆಟ್ಟಿಲು ಇಳಿದ. ಒಳಗಿಂದ ಹೆಂಡತಿ, "ಏನಂದಳು?" ಅಂತ ಕೇಳಿದಳು. ಅವನು ಪೈಪನ್ನು ತನ್ನ ಬಾಗಿಲ ಕಂಬಕ್ಕೆ ಒತ್ತಿ ಹಿಡಿದ. ಆ ಕಡೆ ಮೇಸ್ತ್ರಿ ಹೊಸ ನೆಲದ ಎತ್ತರಕ್ಕೆ ತನ್ನ ತುದಿ ಹಿಡಿದ. ಪೈಪಿನೊಳಗಿನ ನೀರು ತುಸು ಕುಣಿದು, ಮೇಲೇರಿ, ರಟ್ಟಣ್ಣನ ಸೊಂಟದ ಹತ್ತಿರ ನಿಂತಿತು. ಅವಳ ಹೊಸ ನೆಲ ಬರುವುದು ಅಷ್ಟು ಎತ್ತರಕ್ಕೆ.

"ಅಲ್ಲಾಡಿಸಬೇಡ," ಆ ಕಡೆಯಿಂದ ಮೇಸ್ತ್ರಿ ಕೂಗಿದ. "ಗೆರೆ ಎಳಿ."

ಕಿವಿಯ ಮೇಲೆ ಸದಾ ಇರುತ್ತಿದ್ದ ಪೆನ್ಸಿಲು ತೆಗೆದು ರಟ್ಟಣ್ಣ ಗೆರೆ ಎಳೆದ. ಪುಸ್ತಕದ ಅಂಚಿಗೆ ಎಳೆಯುವ ಹಾಗೆ, ನೇರಕ್ಕೆ.